ನಾಲ್ಕನೆಯ ತೂತು

ಬಾಗಿಲಿನ ಬಲಚೌಕಟ್ಟಿನ ಮೇಲೆ ಓಡುತ್ತಿದ್ದ ನೆರಿಡಾ ಹೋಲ್ಟ್‌ಳ ಹೆಬ್ಬೆರಳು ಗಕ್ಕನೆ ನಿಂತಿತು.

ಕಣ್ಣಿಗೆ ಏನೂ ಕಾಣದು. ಹೊಸದಾಗಿ ಬಳಿದ ಬಿಳಿ ಬಣ್ಣ ಮಾತ್ರ. ಆದರೆ ಬಣ್ಣದ ಕೆಳಗೆ ಸಾಸಿವೆಯಷ್ಟು ಉಬ್ಬುಗಳಿದ್ದವು. ಮೇಲೆ ಮೂರು, ಮೊಳದಷ್ಟು ಕೆಳಗೆ ಮತ್ತೆ ಮೂರು. ಯಾರೋ ತಿರುಪುಮೊಳೆ ಕಿತ್ತು, ತೂತುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದಿದ್ದರು.

ನೆರಿಡಾ ಇಪ್ಪತ್ತಾರು ವರ್ಷ ಕುರಿ ಕಳ್ಳರ ಬೆನ್ನು ಹತ್ತಿದ್ದ ಪೊಲೀಸ್ ಸಾರ್ಜೆಂಟ್. ಹಳೆಯ ಗುರುತು ಕತ್ತರಿಸಿ ಹೊಸ ಗುರುತು ಹಾಕಿದ ಕುರಿಯನ್ನು ಕಣ್ಣುಮುಚ್ಚಿ ಕಿವಿ ಸವರಿಯೇ ಹೇಳಿಬಿಡುತ್ತಿದ್ದಳು. ಕೆಲಸದಿಂದ ನಿವೃತ್ತಿಯಾಗಿ ಮೂರು ವರ್ಷ ಕಳೆದಿತ್ತು. ಬೆರಳಿಗೆ ಮಾತ್ರ ಇನ್ನೂ ನಿವೃತ್ತಿ ಆಗಿರಲಿಲ್ಲ.

ಗಾಡಿಯ ಬೆನ್ನ ಮೇಲೆ ಹೊತ್ತೊಯ್ಯುವ ಪೆಟ್ಟಿಗೆಮನೆ ಇದು, ಕ್ಯಾಂಪರ್. ಈ ಕಂಪನಿಯ ಕ್ಯಾಂಪರ್‌ಗಳ ಬಾಗಿಲಿಗೆ ಕೀಲು ಎಡಕ್ಕಿರುತ್ತದೆ. ಅವಳ ಗೆಳತಿ ವರ್ನಾಳ ಅಣ್ಣ ರಾಲ್ಫ್ ನೋಸ್ಕೆ ಒಬ್ಬನೇ ಅದನ್ನು ಬಲಕ್ಕೆ ಬದಲಾಯಿಸಿಕೊಂಡಿದ್ದ. ಕುರಿ ಉಣ್ಣೆ ಕತ್ತರಿಸುವಾಗ ಬಲಗೈಯ ಎರಡು ಬೆರಳು ಕಳೆದುಕೊಂಡವನಿಗೆ ಚಿಲಕ ಎಡಗೈಗೇ ಸಿಗಬೇಕಿತ್ತು. ಈಗ ಕೀಲು ಮತ್ತೆ ಎಡಕ್ಕೆ ಬಂದಿದೆ. ಹಳೆಯ ಆರು ತೂತುಗಳು ಬಣ್ಣದಡಿ ಬಾಯಿ ಮುಚ್ಚಿಕೊಂಡಿವೆ.

ಅವಳೂ ವರ್ನಾಳೂ ಹಳೆಯ ಕ್ಯಾಂಪರ್ ಮಾರುವ ಹನ್ನೊಂದು ಅಂಗಡಿ ಸುತ್ತಿ ಬರಿಗೈಲಿ ಬಂದಿದ್ದರು. ಹನ್ನೆರಡನೆಯದರಲ್ಲಿ, ಪೋರ್ಟ್ ಅಗಸ್ಟಾದ ಊರಾಚೆಯ ಈ ತಗಡಿನ ಷೆಡ್ಡಿನ ಮುಂದೆ, ರಾಲ್ಫ್‌ನ ಮನೆ ತಿರುಗಿಸಿ ಏರಿಳಿಸುವ ನಾಲ್ಕು ಕಾಲಿನ ಮೇಲೆ ನಿಂತಿತ್ತು.

ಒಂಬತ್ತು ತಿಂಗಳ ಹಿಂದೆ ಸ್ಟ್ರೀಕಿ ಬೇ ಆಚೆಯ ಕಡಲಬಂಡೆಗಳಿಗೆ ಮೀನು ಹಿಡಿಯಲು ಹೋದ ರಾಲ್ಫ್ ಹಿಂತಿರುಗಿರಲಿಲ್ಲ. ಅವನ ಯೂಟ್ ಎಂಬ ಪಿಕಪ್ ಗಾಡಿ ಸಿಕ್ಕಿತು, ಗಾಳದ ಕೋಲು ಸಿಕ್ಕಿತು, ಯೂಟಿನ ಬೆನ್ನ ಮೇಲಿರಬೇಕಾದ ಕ್ಯಾಂಪರ್ ಸಿಗಲಿಲ್ಲ. ಕ್ಯಾಂಪರನ್ನು ಎಲ್ಲೋ ಕಾಲೂರಿಸಿ ನಿಲ್ಲಿಸಿ ಮೀನಿಗೆ ಹೋಗಿರಬೇಕು, ಅವನನ್ನು ಅಲೆ ಎಳೆದುಕೊಂಡಿತು, ಕ್ಯಾಂಪರನ್ನು ಕಳ್ಳರು ಎತ್ತಿಕೊಂಡರು, ಎಂದು ಪೊಲೀಸರು ಬರೆದುಕೊಂಡರು. ಕ್ಯಾಂಪರನ್ನು ಹಾಗೆ ಬಿಟ್ಟುಹೋಗುವುದು ಆ ಕಡೆ ಎಲ್ಲರ ಅಭ್ಯಾಸ. ನಿಂತ ಪೆಟ್ಟಿಗೆ ಎಂದರೆ ಜಾಗ ಹಿಡಿದ ಗುರುತು, ಯಾರೂ ಮುಟ್ಟುವುದಿಲ್ಲ.

ಬರುವ ಶುಕ್ರವಾರ ಕೋರ್ಟು ಅದನ್ನೇ ತೀರ್ಪೆಂದು ಓದಲಿತ್ತು. ಆಮೇಲೆ ಕಡತಕ್ಕೆ ದಾರ ಕಟ್ಟಿದರೆ ಮುಗಿಯಿತು, ರಾಲ್ಫ್‌ನನ್ನು ಹುಡುಕುವವರು ಯಾರೂ ಇರುವುದಿಲ್ಲ. ಅವನ ಪಾಲಿನ ಹೊಲ ತಂಗಿ ವರ್ನಾ ಮತ್ತು ಅವಳ ಗಂಡ ಡ್ಯಾರಿಲ್‌ಗೆ ಸೇರುತ್ತದೆ. ಹೊಲ ಯಾರಿಗೆ ಬೇಕು, ಅಣ್ಣ ಏನಾದ ಅಂತ ಗೊತ್ತಾಗಬೇಕು ಎಂದು ವರ್ನಾ ನೆರಿಡಾಳ ಅಡುಗೆಮನೆಯಲ್ಲಿ ಕೂತು ಅತ್ತಿದ್ದಳು.

ಮನುಷ್ಯನನ್ನು ಸಮುದ್ರ ನುಂಗಬಹುದು, ಆರುನೂರು ಕಿಲೋ ಪೆಟ್ಟಿಗೆಯನ್ನು ಯಾರಾದರೂ ಮಾರಲೇಬೇಕು ಎಂದು ನೆರಿಡಾ ಅಂದೇ ಹೇಳಿದ್ದಳು. ಅಲ್ಲಿಂದಾಚೆ ಇಬ್ಬರೂ ಗಿರಾಕಿಗಳ ವೇಷ ಹಾಕಿದ್ದರು.

ಈಗ ಷೆಡ್ಡಿನ ನೆರಳಿನಲ್ಲಿ ವರ್ನಾ ಆ ವೇಷವನ್ನು ಚೆನ್ನಾಗಿಯೇ ಆಡುತ್ತಿದ್ದಳು. ಮೂವತ್ತು ವರ್ಷ ಉಣ್ಣೆಯ ದರ್ಜೆ ಕಟ್ಟಿದ ಹೆಂಗಸು, ಚೌಕಾಸಿಗೆ ಕೂತರೆ ಎದುರಿನವನ ಬೆವರು ಇಳಿಯಬೇಕು. ಅಂಗಡಿಯ ಮಾಲೀಕ ಲೈಲ್ ಬಾಡ್ಕಿನ್ ಕಾಗದ ಹಿಡಿದು ಆರುನೂರ ಇಪ್ಪತ್ತು ಕಿಲೋ ಎಂದು ಓದಿದ್ದೇ ತಡ, ಅದು ಒಣ ತೂಕವೋ ನೀರು ತುಂಬಿದ ತೂಕವೋ ಎಂದು ಹಿಡಿದುಕೊಂಡಳು. ಒಣದು ಎಂದು ಅವನು ಒಪ್ಪಿಕೊಂಡ.

“ಹಾಗಾದ್ರೆ ಎಂಬತ್ತು ಲೀಟರ್ ನೀರು, ಎರಡು ಗ್ಯಾಸು, ನನ್ನ ಗಂಡ. ಗಂಡನ್ನ ಲೆಕ್ಕಕ್ಕೆ ಹಿಡಿದ್ರಾ? ಅವನೊಬ್ನೇ ನೂರಹತ್ತು” ಎಂದಳು ವರ್ನಾ.

ಹಾಸಿಗೆ ಅಡ್ಡಕ್ಕಿರುವುದೂ ಅವಳಿಗೆ ಹಿಡಿಸಲಿಲ್ಲ. ಹೊರಗೆ ಹೋಗಬೇಕೆಂದರೆ ಪ್ರತಿಸಲ ಡ್ಯಾರಿಲ್ ಎಂಬ ಗುಡ್ಡ ಹತ್ತಿ ಇಳಿಯಬೇಕಲ್ಲ ಎಂದು ಗೊಣಗಿದಳು. ಬಾಡ್ಕಿನ್ ನಗಬೇಕಿತ್ತು. ನಗಲಿಲ್ಲ. ಬಂದಾಗಿನಿಂದ ಅವನು ಕ್ಯಾಂಪರಿಗಿಂತ ಹೆಚ್ಚಾಗಿ ಇವರು ಬಂದ ಯೂಟನ್ನೇ ನೋಡುತ್ತಿದ್ದ.

ಅದು ನೆರಿಡಾಳ ಗಮನಕ್ಕೆ ಬಂದಿತ್ತು. ಬೆಳಿಗ್ಗೆ ಯೂಟ್ ಗೇಟಿನೊಳಗೆ ತಿರುಗಿದಾಗ ಅವನು ಕೈಯೆತ್ತಿ, ಹಳೇ ಪರಿಚಯದವರನ್ನು ಕಂಡಂತೆ ಎದುರು ಬಂದಿದ್ದ. ಇಳಿದವರು ಇಬ್ಬರು ಹೆಂಗಸರು ಎಂದು ಕಂಡೊಡನೆ ಕೈ ಕೆಳಗಿಳಿದಿತ್ತು. ಅಂಗಡಿಯವನಿಗೆ ಹೆಂಗಸರೆಂದರೆ ಅಸಡ್ಡೆ ಇರಬೇಕು ಎಂದುಕೊಂಡು ಅವಳು ಅಲ್ಲಿಗೇ ಬಿಟ್ಟಿದ್ದಳು. ಸಾರ್ಜೆಂಟ್ ಆಗಿದ್ದಾಗ ಹೀಗೆ ಬಿಡುತ್ತಿರಲಿಲ್ಲ.

ತೇವ ಹಿಡಿದಿದೆಯೋ ನೋಡುತ್ತೇನೆ ಎಂದು ಹೇಳಿ ಅವಳು ಒಳಗೆ ಹತ್ತಿದಳು. ಹಳೆಯದನ್ನು ಕೊಳ್ಳುವವರೆಲ್ಲ ಮಾಡುವ ಕೆಲಸವೇ ಅದು. ಬೆಂಚಿನ ಕೆಳಗಿನ ಖಾನೆಗಳನ್ನು ಪೂರ್ತಿ ಹೊರಗೆಳೆದು ಹಿಂದಿನ ಹಲಗೆಯನ್ನು ಬೆರಳಿನಿಂದ ಒತ್ತಬೇಕು. ಮೆತ್ತಗಾಗಿದ್ದರೆ ಬಿಟ್ಟು ಬರಬೇಕು.

ಮೂರನೆಯ ಖಾನೆಯ ಹಿಂದೆ ಹಲಗೆ ಗಟ್ಟಿಯಾಗಿತ್ತು. ಅದರ ಬುಡದಲ್ಲಿ ಏನೋ ಬಿದ್ದಿತ್ತು. ತೋಳಿನವರೆಗೆ ಕೈ ತೂರಿಸಿ ಎಳೆದಳು.

ಮಾತ್ರೆಯ ಡಬ್ಬಿ. ನೀಲಿ ಪ್ಲಾಸ್ಟಿಕ್, ಏಳು ದಿನಕ್ಕೆ ಏಳು ಮುಚ್ಚಳ. ಪ್ರತಿ ಮುಚ್ಚಳದ ಮೇಲೆ ಬಿಳಿ ಪಟ್ಟಿ ಅಂಟಿಸಿ ಕಪ್ಪು ಮಸಿಯಲ್ಲಿ ದಿನದ ಹೆಸರು ಬರೆದಿತ್ತು. ಆ ದಪ್ಪ ಅಕ್ಷರ ವರ್ನಾಳದು. ಹೃದಯದ ಕವಾಟ ಬದಲಾಯಿಸಿದಾಗಿನಿಂದ ಅಣ್ಣನ ಡಬ್ಬಿಯನ್ನು ಅವಳೇ ತುಂಬಿಸಿಕೊಡುತ್ತಿದ್ದಳು.

ನೆರಿಡಾ ಒಂದೊಂದೇ ಮುಚ್ಚಳ ಎತ್ತಿದಳು. ಭಾನುವಾರ ಖಾಲಿ. ಸೋಮವಾರ, ಮಂಗಳವಾರ, ಬುಧವಾರ ಖಾಲಿ. ಗುರುವಾರದಲ್ಲಿ ಎರಡು ಗುಲಾಬಿ ಮಾತ್ರೆಗಳಿದ್ದವು. ಶುಕ್ರವಾರವೂ ತುಂಬಿತ್ತು, ಶನಿವಾರವೂ ತುಂಬಿತ್ತು.

ರಾಲ್ಫ್ ತಂಗಿಗೆ ಕೊನೆಯ ಸಲ ಫೋನ್ ಮಾಡಿದ್ದು ಬುಧವಾರ ಸಂಜೆ. ಒಂದು ದಿನವೂ ತಪ್ಪಿಸಬಾರದ ಮಾತ್ರೆ ಅದು. ಆ ಮೇಲೆ ದೇಶದ ಯಾವ ಔಷಧದಂಗಡಿಯಲ್ಲೂ ಅವನ ಹೆಸರಿನಲ್ಲಿ ಅದನ್ನು ಯಾರೂ ಕೊಂಡಿಲ್ಲ ಎಂದು ಪೊಲೀಸರೇ ಕೋರ್ಟಿಗೆ ಹೇಳಿದ್ದರು.

ಅಲೆಯಲ್ಲಿ ಹೋದವನ ಡಬ್ಬಿ ಇಲ್ಲಿ ಸಿಕ್ಕರೆ ಆಶ್ಚರ್ಯವೇನಿಲ್ಲ. ಆದರೂ ಆ ಗುರುವಾರವನ್ನು ಕಣ್ಣಾರೆ ನೋಡಿದಾಗ, ಅವನು ಇನ್ನೂ ಎಲ್ಲೋ ಇದ್ದಾನೆ ಎಂದು ತನ್ನೊಳಗೆ ತಾನೇ ಇಟ್ಟುಕೊಂಡಿದ್ದ ಆಸೆ ಸತ್ತುಹೋಯಿತು. ಆ ಆಸೆ ಇತ್ತೆಂಬುದೇ ಅವಳಿಗೆ ಈಗ ಗೊತ್ತಾಯಿತು.

ಮೆಟ್ಟಿಲ ಮೇಲೆ ವರ್ನಾಳ ಬೂಟಿನ ಸದ್ದಾಯಿತು. ನೆರಿಡಾ ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡಳು. ಹಳೆಯ ಪೊಲೀಸಿನವಳು ಹಾಗೆ ಮಾಡಬಾರದಿತ್ತು. ಠಾಣೆಗೆ ಹೋಗಿ, ವರ್ನಾಳನ್ನು ಕೂರಿಸಿ, ಕೈ ಹಿಡಿದುಕೊಂಡು ತೋರಿಸಿದರಾಯಿತು ಎಂದುಕೊಂಡಳು.

“ಇದೇನಾ?” ಎಂದಳು ವರ್ನಾ, ತುಟಿ ಅಲುಗಿಸದೆ.

“ಇದೇ. ಮುಖ ಬದಲಾಯಿಸ್ಬೇಡ. ಕೊಳ್ಳೋಳ ಹಾಗೇ ಇರು.”

ವರ್ನಾ ಒಲೆಯ ಕಟ್ಟೆಯನ್ನು ಒಮ್ಮೆ ಸವರಿದಳು. ಅವಳ ಕಣ್ಣು ತುಂಬಿತ್ತು. ಆಮೇಲೆ ಮೂಗೇರಿಸಿ ಬಾಗಿಲಿಂದ ಹೊರಗೆ ಬಾಗಿ, ಇದಕ್ಕೆ ಹದಿನೆಂಟು ಸಾವಿರ ಡಾಲರ್ ಕೇಳುವುದಕ್ಕೆ ಮುಖ ಹೇಗೆ ಬಂತು ನಿಮಗೆ, ಮೊದಲು ತೂಕದ ಕಟ್ಟೆಗೆ ಹೊತ್ತು ನೋಡುತ್ತೇವೆ ಎಂದು ಬಾಡ್ಕಿನ್‌ನನ್ನು ಗದರಿಸಿದಳು. ನೆರಿಡಾ ಬೆಳಿಗ್ಗೆಯೇ ಹೇಳಿಕೊಟ್ಟ ಉಪಾಯ ಅದು. ಕೊಳ್ಳುವ ಮುಂಚೆ ಯೂಟಿಗೇರಿಸಿ ತೂಕದ ಕಟ್ಟೆಗೆ ಒಯ್ಯುವುದು ವಾಡಿಕೆ, ಯಾವ ಅಂಗಡಿಯವನೂ ಬೇಡ ಎನ್ನುವ ಹಾಗಿಲ್ಲ. ಕಟ್ಟೆ ಇರುವುದು ಪೊಲೀಸ್ ಠಾಣೆಯ ದಾರಿಯಲ್ಲಿ.

ಬಾಡ್ಕಿನ್ ಬೇಡ ಎಂದ. ಆ ಯೂಟಿಗೆ ಅಳತೆ ಹೊಂದುವುದಿಲ್ಲವಂತೆ.

“ಅಳತೆಪಟ್ಟಿ ಮುಟ್ಟಲೇ ಇಲ್ವಲ್ಲ ನೀವು. ಅದು ಹೇಗೆ ಗೊತ್ತಾಯ್ತು?” ಎಂದಳು ನೆರಿಡಾ.

ಅವನು ಕತ್ತು ಕೆರೆದುಕೊಂಡ. ಕಾಲುಗಳನ್ನು ತಿರುಗಿಸುವ ಹಿಡಿಕೆ ಆಫೀಸಿನಲ್ಲಿದೆ, ತರುತ್ತೇನೆ ಎಂದು ಹೋದ. ಅಂಥ ಎರಡು ಹಿಡಿಕೆಗಳು ಕ್ಯಾಂಪರಿನ ಬಾಗಿಲ ಹಿಂದೆಯೇ ನೇತಾಡುತ್ತಿದ್ದವು. ಅವನು ಹಿಂತಿರುಗಿದ್ದು ಹತ್ತು ನಿಮಿಷದ ಮೇಲೆ, ಅದೂ ಬರಿಗೈಲಿ.

ವರ್ನಾ ಅಷ್ಟರಲ್ಲಿ ಯೂಟಿನ ಅಂಚುಹಲಗೆಗಳನ್ನು ಕಳಚಿ, ಕನ್ನಡಿ ನೋಡಿಕೊಂಡು ಹಿಂದಕ್ಕೆ ಬಿಡುತ್ತಿದ್ದಳು. ಯೂಟ್ ಅವಳ ಗಂಡನದು. ಡ್ಯಾರಿಲ್ ಕ್ಲಬ್ಬಿನ ಬಸ್ಸಿನಲ್ಲಿ ಹುಲ್ಲಂಗಳದಲ್ಲಿ ಚೆಂಡು ಉರುಳಿಸುವ ಬೌಲ್ಸ್ ಪಂದ್ಯಕ್ಕೆಂದು ಸೆಡೂನಾಕ್ಕೆ ಹೋಗಿದ್ದ. ಹೋಗುವಾಗ ಗೇರ್‌ಬಾಕ್ಸ್ ಕೆಟ್ಟಿದೆ, ಯೂಟ್ ಮುಟ್ಟಬೇಡ, ಕ್ಯಾಂಪರ್ ನೋಡಲು ನಿನ್ನ ಕಾರೇ ಸಾಕು ಎಂದು ಎರಡು ಸಲ ಹೇಳಿದ್ದ. ಕಾರಿನ ನೆತ್ತಿಯ ಮೇಲೆ ಹೊತ್ತು ನೋಡಲೇನು ಎಂದು ವರ್ನಾ ಬೀಗದ ಕೈ ತೆಗೆದುಕೊಂಡಿದ್ದಳು. ಮುನ್ನೂರು ಕಿಲೋಮೀಟರ್ ದಾರಿಯಲ್ಲಿ ಆ ಗೇರ್‌ಬಾಕ್ಸ್ ಒಂದು ಸಲವೂ ಕೊಸರಲಿಲ್ಲ.

ಯೂಟಿನ ಹಿಂಬದಿಯ ಚಪ್ಪಟೆ ಟ್ರೇ ಕ್ಯಾಂಪರಿನ ಕಾಲುಗಳ ನಡುವೆ ನಿಧಾನವಾಗಿ ತೂರಿತು. ವರ್ನಾ ಆ ಬದಿಯ ಕಾಲುಗಳನ್ನು, ನೆರಿಡಾ ಈ ಬದಿಯವನ್ನು ತಿರುಗಿಸುತ್ತ ಬಂದರು. ಪೆಟ್ಟಿಗೆ ಒಂದೊಂದೇ ಬೆರಳು ಕೆಳಗಿಳಿಯಿತು.

ಕ್ಯಾಂಪರಿನ ತಳದಲ್ಲಿ ನಾಲ್ಕು ಕಬ್ಬಿಣದ ಪಾದಗಳಿದ್ದವು. ಬೋಲ್ಟ್ ಹಾಕಿ ಟ್ರೇಗೆ ಬಿಗಿಯುವುದು ಅವುಗಳ ಮೂಲಕ. ಮೂರು ಪಾದಗಳು ಸರಿಯಾದ ಮೂಲೆಗಳಲ್ಲಿದ್ದವು. ಮುಂದಿನ ಎಡಗಡೆಯದು ಮಾತ್ರ ನಾಲ್ಕು ಬೆರಳು ಒಳಕ್ಕಿತ್ತು. ನೀರು ಹೊರಹೋಗುವ ಕೊಳವೆ ಅಡ್ಡ ಬಂದದ್ದಕ್ಕೆ ರಾಲ್ಫ್ ಅದನ್ನು ತಾನೇ ಕತ್ತರಿಸಿ ಒಳಗೆ ಬೆಸುಗೆ ಹಾಕಿದ್ದ. ಒಂದೊಂದು ಪೆಟ್ಟಿಗೆಯ ಪಾದ ಒಂದೊಂದು ಕಡೆ. ಟ್ರೇಯ ತೂತನ್ನು ಅದಕ್ಕೆ ತಕ್ಕಂತೆ ಮಾಲೀಕರೇ ಕೊರೆದುಕೊಳ್ಳಬೇಕು. ಒಬ್ಬರ ತೂತಿಗೆ ಇನ್ನೊಬ್ಬರ ಪೆಟ್ಟಿಗೆ ಕೂರುವುದಿಲ್ಲ.

ನೆರಿಡಾಳ ಕೈ ಹಿಡಿಕೆಯ ಮೇಲೆ ನಿಂತಿತು.

ಬೆಳಿಗ್ಗೆ ಇದೇ ಟ್ರೇಗೆ ಕುರ್ಚಿ, ಚಹದ ಫ್ಲಾಸ್ಕು ಏರಿಸುವಾಗ ಅವಳು ನಾಲ್ಕು ರಬ್ಬರ್ ಬಿರಡೆಗಳನ್ನು ಕಂಡಿದ್ದಳು. ಮೂರು ಮೂಲೆಯಲ್ಲಿದ್ದವು, ಒಂದು ಸೊಟ್ಟಗೆ ಒಳಕ್ಕಿತ್ತು. ಡ್ಯಾರಿಲ್ ಬಿಯರ್ ಕುಡಿದು ಕೊರೆದನೇ ಎಂದು ಗೇಲಿ ಮಾಡಿದ್ದಳು. ನಾಯಿ ಗೂಡು ಕೂರಿಸುವುದಕ್ಕಂತೆ, ಗೂಡೂ ಬರಲಿಲ್ಲ, ನಾಯಿಯೂ ಬರಲಿಲ್ಲ ಎಂದು ವರ್ನಾ ನಕ್ಕಿದ್ದಳು.

ಪೆಟ್ಟಿಗೆ ಟ್ರೇ ಮೇಲೆ ಕೂತಿತು. ಎಲ್ಲೂ ತಳ್ಳಬೇಕಾಗಲಿಲ್ಲ, ಎಳೆಯಬೇಕಾಗಲಿಲ್ಲ. ನೆರಿಡಾ ಬಗ್ಗಿ, ಒಳಗೆ ಸರಿದಿದ್ದ ಆ ಪಾದದ ಕೆಳಗಿನ ಬಿರಡೆ ಕಿತ್ತು ಬೋಲ್ಟ್ ಬಿಟ್ಟಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಅದು ಇಳಿದು ಟ್ರೇಯ ಕೆಳಗೆ ತಲೆ ಹಾಕಿತು.

ಮೂವತ್ತು ವರ್ಷ ಡ್ಯಾರಿಲ್ ಸುಟ್ಟುಕೊಟ್ಟ ಮಾಂಸ ತಿಂದಿದ್ದಳು. ಅವಳ ಗಂಡ ಸತ್ತಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ಅವನು. ಈ ಐದು ವಾರ ಪ್ರತಿ ಸಂಜೆ, ಇವತ್ತು ಯಾವ ಅಂಗಡಿ, ನಾಳೆ ಯಾವ ಅಂಗಡಿ ಎಂದು ಕೇಳಿ ಕೇಳಿ ತಿಳಿದುಕೊಂಡಿದ್ದವನೂ ಅವನೇ. ಪೋರ್ಟ್ ಅಗಸ್ಟಾದಲ್ಲೇನಿದೆ, ಬರೀ ಗುಜರಿ, ಬಿಡಿ ಎಂದಿದ್ದವನೂ ಅವನೇ. ಎಲ್ಲ ಕಣ್ಣೆದುರಿಗೇ ಇತ್ತು. ಕುರಿ ಕದ್ದವನು ಮನೆಯವನೇ ಆಗಿರುತ್ತಾನೆ ಎಂದು ಹೊಸ ಪೊಲೀಸರಿಗೆ ಪಾಠ ಹೇಳುತ್ತಿದ್ದವಳಿಗೆ ಇದು ಕಾಣಲಿಲ್ಲವಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು.

ಬಾಡ್ಕಿನ್ ಪಕ್ಕದಲ್ಲೇ ನಿಂತಿದ್ದ. ವರ್ನಾ ಆ ಬದಿಯಲ್ಲಿ ಕ್ಯಾಂಪರಿನ ಕಾಲುಗಳನ್ನು ಮೇಲಕ್ಕೆತ್ತುತ್ತ ಸದ್ದು ಮಾಡುತ್ತಿದ್ದಳು.

“ಯಾರು ತಂದದ್ದು?” ನೆರಿಡಾ ತಗ್ಗಿದ ದನಿಯಲ್ಲಿ ಕೇಳಿದಳು.

“ನಾನು ಸಣ್ಣ ವ್ಯಾಪಾರಿ ತಾಯಿ. ತಂದವರ ಜಾತಕ ಕೇಳ್ತಾ ಕೂತ್ಕೊಳ್ಳೋಕಾಗಲ್ಲ.”

“ಇಪ್ಪತ್ತಾರು ವರ್ಷ ಸಾರ್ಜೆಂಟ್ ಆಗಿದ್ದೆ ನಾನು. ಇದು ಸತ್ತವನ ಪೆಟ್ಟಿಗೆ. ನೀವು ಈಗ ಹೇಳೋದು ನನಗೆ ಹೇಳಿದ್ದಾಗುತ್ತೆ. ಇನ್ನರ್ಧ ಗಂಟೆ ಬಿಟ್ರೆ ಬೇರೆಯೋರಿಗೆ ಹೇಳ್ಬೇಕಾಗುತ್ತೆ.”

ಬಾಡ್ಕಿನ್‌ನ ಕೈಯಲ್ಲಿದ್ದ ಕಾಗದ ಮಡಿಕೆಯಾಯಿತು.

“ಸತ್ತವನು ಅಂತ ಅವ್ರು ಹೇಳಲಿಲ್ಲ” ಎಂದ. “ಭಾವಮೈದ ಊರು ಬಿಟ್ಟ, ಮಾರು ಅಂತ ಹೇಳಿ ಹೋಗಿದ್ದಾನೆ ಅಂದ್ರು. ಫೆಬ್ರವರಿ, ಒಂದು ಶನಿವಾರ. ಬಣ್ಣ ಬದಲಾಯಿಸಿ, ಜೂನ್ ಜುಲೈ ಚಳಿಗಾಲ ಕಳೆಯೋ ತನಕ ಹಿಂದಿನ ಷೆಡ್ಡಲ್ಲಿರಲಿ ಅಂದ್ರು. ಯಾವ ಗಾಡೀಲಿ ತಂದ್ರು ಅಂತ ಕೇಳ್ಬೇಡಿ. ಅದ್ರಲ್ಲೇ ನೀವು ಬಂದಿದ್ದೀರಿ.”

“ಆಫೀಸಿಗೆ ಹೋಗಿ ಅವನಿಗೇ ಫೋನ್ ಮಾಡಿದ್ರಿ ಅಲ್ವಾ?”

ಅವನು ನೆಲ ನೋಡಿದ.

ವರ್ನಾ ಸುತ್ತಿಬಂದಳು. ಕೈತುಂಬ ಗ್ರೀಸು, ಮುಖದಲ್ಲಿ ಒಂಬತ್ತು ತಿಂಗಳಿಂದ ಕಾಣದಿದ್ದ ಚುರುಕು. ಅಣ್ಣನ ಪೆಟ್ಟಿಗೆ ಸಿಕ್ಕಿತು, ಇನ್ನು ಶುಕ್ರವಾರ ಕೋರ್ಟಿನ ಬಾಯಿ ಮುಚ್ಚಿಸಬಹುದು ಎಂಬ ಉತ್ಸಾಹ ಅವಳಿಗೆ.

“ನೋಡೇ, ನಮ್ಮ ಯೂಟಿಗೇ ಹೇಳಿ ಮಾಡಿಸಿದ ಹಾಗಿದೆ” ಎಂದಳು.

ನೆರಿಡಾ ಬಾಯಿ ತೆರೆದಳು. ಅಷ್ಟರಲ್ಲಿ ಟ್ರೇಯ ಅಂಚಿನಲ್ಲಿಟ್ಟಿದ್ದ ವರ್ನಾಳ ಫೋನ್ ಗುಂಯ್‌ಗುಟ್ಟಿತು. ಪರದೆಯ ಮೇಲೆ ಡ್ಯಾರಿಲ್‌ನ ಹೆಸರು ಕಂಡಿತು. ಬೇಡ ಎಂದು ನೆರಿಡಾ ಕೈ ಚಾಚುವ ಮುಂಚೆ, ವರ್ನಾ ಗ್ರೀಸಿನ ಬೆರಳು ಮಡಚಿ ಗೆಣ್ಣಿನಿಂದ ಒತ್ತಿ, ಎಲ್ಲರಿಗೂ ಕೇಳುವಂತೆ ಮಾಡಿಬಿಟ್ಟಳು.

“ವರ್ನಾ, ಆ ಪೆಟ್ಟಿಗೇನ ನಮ್ಮ ಯೂಟ್ ಮೇಲೆ ಇಳಿಸ್ಬೇಡ.”

“ಇಳಿಸಿ ಆಯ್ತಲ್ಲ. ಎಷ್ಟು ಚೆನ್ನಾಗಿ…” ಎಂದವಳು ಅಲ್ಲಿಗೇ ತಡೆದಳು. “ನಾವಿಲ್ಲಿರೋದು ನಿಂಗ್ಯಾರು ಹೇಳಿದ್ರು? ಯೂಟ್ ತಂದಿರೋದು ಯಾರು ಹೇಳಿದ್ರು?”

ಫೋನಿನಲ್ಲಿ ದೂರದಿಂದ ಬೌಲ್ಸ್ ಚೆಂಡುಗಳು ಒಂದಕ್ಕೊಂದು ತಗುಲುವ ಸದ್ದು ಕೇಳುತ್ತಿತ್ತು.

ವರ್ನಾ ಬಾಡ್ಕಿನ್‌ನನ್ನು ನೋಡಿದಳು. ಅವನು ಮುಖ ತಿರುಗಿಸಿದ. ನೆರಿಡಾಳನ್ನು ನೋಡಿದಳು. ಆಮೇಲೆ ನೆರಿಡಾಳ ಬೆರಳುಗಳ ನಡುವಿದ್ದ ರಬ್ಬರ್ ಬಿರಡೆಯನ್ನು, ಸೊಟ್ಟ ತೂತಿನಲ್ಲಿ ನೆಟ್ಟಗೆ ನಿಂತಿದ್ದ ಬೋಲ್ಟನ್ನು ನೋಡಿದಳು.

“ನಾಯಿ ಗೂಡಿಗೆ ಅಂದಿದ್ದೆ” ಎಂದಳು ಫೋನಿಗೆ.

“ವರ್ನಾ, ಕೇಳು ಇಲ್ಲಿ.”

“ಡ್ಯಾರಿಲ್, ನಮ್ಮಣ್ಣ ಎಲ್ಲಿ?”

“ಅವನು ಹೇಳಿದ್ದಕ್ಕೇ ನಾನು ಮಾಡಿದ್ದು. ನನಗೇನು ಖುಷಿನಾ? ಅವನಿಗೆ ಸಾಕಾಗಿತ್ತು, ಯಾರಿಗೂ ಬೇಡವಾಗಿ ದೂರ ಹೋಗಿ ಇರ್ತೀನಿ ಅಂದ. ಶುಕ್ರವಾರ ಒಂದು ಕಳೀಲಿ. ಅವನೇ ನಿನ್ಹತ್ರ ಮಾತಾಡ್ತಾನೆ. ಅಲ್ಲೀತನಕ ಆ ಪೊಲೀಸಮ್ಮನ ಕಿವಿಗೆ ಏನೂ ಹಾಕ್ಬೇಡ.”

ಫೋನ್ ಸತ್ತಿತು.

ವರ್ನಾ ಕ್ಯಾಂಪರಿನ ಮೆಟ್ಟಿಲ ಮೇಲೆ ಕೂತಳು. ಗಂಡ ಮೋಸ ಮಾಡಿದ ಎಂಬುದು ಅವಳಿಗಿನ್ನೂ ಇಳಿದೇ ಇರಲಿಲ್ಲ, ಅದಕ್ಕಿಂತ ದೊಡ್ಡದೊಂದು ಕಿವಿಗೆ ಬಿದ್ದಿತ್ತು. ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬಳಬಳ ಇಳಿಯುತ್ತಿತ್ತು.

“ಬದುಕಿದ್ದಾನೆ ಕಣೇ. ಆ ಮುಠ್ಠಾಳ ಬದುಕಿದ್ದಾನೆ. ನನ್ನನ್ನ ಒಂಬತ್ತು ತಿಂಗಳು ಅಳಿಸಿದ್ನಲ್ಲ, ಸಿಗಲಿ ಅವನು, ಕಪಾಳಕ್ಕೆ ಬಾರಿಸ್ತೀನಿ.”

ನೆರಿಡಾ ಅಲುಗಾಡಲಿಲ್ಲ. ಡ್ಯಾರಿಲ್ ಹೇಳಿದ್ದು ನಿಜವಿರಬಹುದೇ ಎಂದು ಒಂದು ಕ್ಷಣ ಪ್ರಾಮಾಣಿಕವಾಗಿಯೇ ಯೋಚಿಸಿದಳು. ಊರು ಬಿಟ್ಟು ಹೋಗುವವನು ಮಾತ್ರೆಯನ್ನೂ ಬಿಟ್ಟು ಹೋಗುತ್ತಾನೆಯೇ? ಅದಿಲ್ಲದೆ ಒಂಬತ್ತು ತಿಂಗಳು ಬದುಕುತ್ತಾನೆಯೇ? ಅಥವಾ ಬೇರೆ ಹೆಸರಿನಲ್ಲಿ, ಬೇರೆ ವೈದ್ಯನ ಬಳಿ? ನೂರಾರು ಕಳ್ಳರ ಸುಳ್ಳು ಕೇಳಿದ ಅವಳ ಕಿವಿಗೆ ಇದು ಸುಳ್ಳೋ ನಿಜವೋ ಹೇಳಲಾಗಲಿಲ್ಲ.

“ಯಾಕೆ ಹಾಗೆ ನಿಂತಿದ್ದೀಯ? ಏನಾದ್ರೂ ಹೇಳೇ” ಎಂದು ವರ್ನಾ ಅವಳ ತೋಳು ಹಿಡಿದು ಜಗ್ಗಿದಳು.

ಜಗ್ಗಿದ ರಭಸಕ್ಕೆ ಜೇಬಿನಲ್ಲಿ ಏನೋ ಕಟಕಟ ಎಂದಿತು. ಖಾಲಿ ಪ್ಲಾಸ್ಟಿಕ್ಕಿನ ಸದ್ದಲ್ಲ, ಒಳಗೆ ಮಾತ್ರೆ ಹೊರಳಿದ ಸದ್ದು.

ವರ್ಷಗಟ್ಟಲೆ ಪ್ರತಿ ಭಾನುವಾರ ಆ ಡಬ್ಬಿಯನ್ನು ತನ್ನ ಕೈಯಾರೆ ತುಂಬಿಸಿ, ಒಮ್ಮೆ ಅಲ್ಲಾಡಿಸಿ, ಅಣ್ಣನ ಕೈಗಿಟ್ಟವಳು ವರ್ನಾ. ಅವಳ ನಗು ನಿಂತಿತು. ತೋಳು ಹಿಡಿದ ಕೈ ಹಾಗೇ ಇತ್ತು.

“ನೆರಿಡಾ, ನಿನ್ನ ಜೇಬಲ್ಲಿ ಏನದು?”